ಶಿವಗಂಗೆಯ ಯಾತ್ರಾಪಥ: ಐತಿಹ್ಯ ಮತ್ತು ಶಾಸನ

ನೆಲಮಂಗಲ ತಾಲ್ಲೂಕಿನ ಶಿವಗಂಗೆಯನ್ನು ನಗರವೆಂದು ಕರೆಯಲಾಗದು. ಆದರೂ ಮಕರ ಸಂಕ್ರಾಂತಿಯಂದು ಗಂಗಾಧರೇಶ್ವರ-ಹೊನ್ನಾದೇವಿಯರ ಗಿರಿಜಾಕಲ್ಯಾಣಕ್ಕೆ ನೆರೆಯುವ ಜನಸಂದಣಿಯ ನಡುವೆ, ಸಮುದ್ರಮಟ್ಟದಿಂದ ಸುಮಾರು 4,500 ಅಡಿ ಎತ್ತರದ ಈ ಬೆಟ್ಟದಲ್ಲಿ ದಾರಿಯನ್ನರಿಯುವುದು ಹೊಸಬನಿಗೆ ಯಾವ ಗಿರಿನಗರದಲ್ಲಿ ಸಂಚರಿಸುವುದಕ್ಕಿಂತಲೂ ಸುಲಭವಲ್ಲ. ಭೂಪಟಗಳಿಲ್ಲದ ಕಾಲದಲ್ಲಿ ಯಾತ್ರಿಕನಿಗೆ ದಾರಿ ತೋರಿದ್ದು ಐತಿಹ್ಯ. ಹಾಗೆ ದಾರಿ ತೋರಿದ ಐತಿಹ್ಯವನ್ನೇ ಇತಿಹಾಸವೆಂದು ಎಣಿಸಬಹುದೇ ಎಂಬುದು ಇಲ್ಲಿನ ಪ್ರಶ್ನೆ.

ಬೆಟ್ಟವು ಪೂರ್ವದಿಂದ ವೃಷಭದಂತೆಯೂ ಪಶ್ಚಿಮದಿಂದ ಗಣಪತಿಯಂತೆಯೂ ದಕ್ಷಿಣದಿಂದ ಲಿಂಗದಂತೆಯೂ ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂಬ ಪ್ರತೀತಿಯಿದೆ. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾರೆ. ಭಕ್ತರು ಇದರಲ್ಲಿ ದೈವಸಂಕಲ್ಪವನ್ನು ಕಾಣುತ್ತಾರೆ. ನಮಗಾದರೋ ಇದು ದಾರಿಗನ ದಿಕ್ಸೂಚಿಯಾಗಿಯೂ ತೋರುತ್ತದೆ. ವೃಷಭವನ್ನು ಕಂಡವನು ತಾನು ಮೂಡಲಿನಿಂದ ಬರುತ್ತಿರುವೆನೆಂದು ತಿಳಿಯಬಹುದು. 1884ರಲ್ಲಿ ಬೆಂಗಳೂರು-ತುಮಕೂರು ರೈಲುಮಾರ್ಗವು ಬೆಟ್ಟದ ಉತ್ತರಕ್ಕೆ ಹಾದುಹೋದ ಮೇಲೆ, ರೈಲಿನಲ್ಲಿ ಬಂದವರಿಗೆ ಮೊದಲು ಎದುರಾದದ್ದು ಸರ್ಪವೇ ಇರಬೇಕು!

ಗಂಗಾಧರೇಶ್ವರ ಹಾಗೂ ಹೊನ್ನಾದೇವಿಯರ ಗುಡಿಗಳು ಉತ್ತರದ ಮಗ್ಗುಲಿನ ಸಹಜ ಗುಹೆಗಳಲ್ಲಿವೆ. ಅಲ್ಲಿಂದ ಮೇಲಕ್ಕೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಕಡಿದಾಗುತ್ತ ಹೋಗುತ್ತವೆ. ಏರುವವರೂ ಇಳಿಯುವವರೂ ಒಂದೇ ಇಕ್ಕಟ್ಟಿನ ಹಾದಿಯಲ್ಲಿ ಎದುರಾಗುವುದರಿಂದ ಕಂಬಿಯನ್ನು ಬಿಟ್ಟರೆ ಗತಿಯಿಲ್ಲ. ಈ ಮೆಟ್ಟಿಲುಗಳ ಸಂಖ್ಯೆಯು ಇಲ್ಲಿಂದ ಕಾಶಿಗಿರುವ ಯೋಜನಗಳಿಗೆ ಸಮವೆಂಬ ನಂಬಿಕೆಯಿಂದಲೇ ಶಿವಗಂಗೆಗೆ ದಕ್ಷಿಣಕಾಶಿ ಎಂಬ ಹೆಸರು. ದೂರದ ಕಾಶಿಗೆ ಹೋಗಲಾರದ ರೈತನಿಗೆ ಅದರ ಪುಣ್ಯವನ್ನು ಮೆಟ್ಟಿಲುಗಳಲ್ಲಿ ಅಳೆದುಕೊಟ್ಟ ಈ ಲೆಕ್ಕವು ಏರುವವನ ಆಯಾಸಕ್ಕೂ ಒಂದು ಅರ್ಥವನ್ನು ಕೊಟ್ಟಿತು. ಬಂಡೆಯೊಳಗೆ ಕೈಯಿಳಿಸಿ ನೀರನ್ನು ಮುಟ್ಟುವ ಒಳಕಲ್ಲು ತೀರ್ಥ, ಶಿಖರದ ಸಮೀಪದ ನಂದಿ, ಸಂಕ್ರಾಂತಿಯಂದು ನೀರು ಒಸರುವುದೆಂದು ಹೇಳುವ ತೀರ್ಥಕಂಬ, ಇವೆಲ್ಲವೂ ಯಾತ್ರಿಕನನ್ನು ಒಂದು ಕಥೆಯಿಂದ ಇನ್ನೊಂದಕ್ಕೆ ಕರೆದೊಯ್ಯುವ ತಂಗುದಾಣಗಳು.

ಆ ಕಥೆಗಳಲ್ಲಿ ಒಂದನ್ನು ಮಾತ್ರ ಇತಿಹಾಸದ ವಿದ್ಯಾರ್ಥಿಯು ಪರೀಕ್ಷಿಸದೆ ಒಪ್ಪಲಾಗದು. ಶಿಖರದ ಅಂಚಿನ ಒಂದು ಪ್ರಪಾತವನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ಅಲ್ಲಿಂದ ಧುಮುಕಿ ಪ್ರಾಣಬಿಟ್ಟಳೆಂದು ಹೇಳುವ ವಾಡಿಕೆಯಿದೆ. ಸ್ಥಳವು ಕಣ್ಣೆದುರಿಗೇ ಇರುವುದರಿಂದ ಕೇಳಿದವನು ಸುಲಭವಾಗಿ ನಂಬುತ್ತಾನೆ. ಪುಸ್ತಕಗಳಿಗೂ ಈ ಮಾತು ಹಬ್ಬಿದೆ. ಶ್ರವಣಬೆಳಗೊಳದಲ್ಲಿ ಶಾಂತಲೆಯೇ ಕಟ್ಟಿಸಿದ ಸವತಿಗಂಧವಾರಣ ಬಸದಿಗೆ ಸೇರಿದ ಶಾಸನವು ಅವಳು 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದು ಹೇಳುತ್ತದೆ. ಜಿನಭಕ್ತೆಯಾದ ರಾಣಿಯ ಮರಣದ ಪ್ರಸಂಗದಲ್ಲಿ ಈ ಬೆಟ್ಟವು ತೀರ್ಥವೆಂದೇ ಉಕ್ತವಾಗಿರುವುದು ಗಮನಾರ್ಹ: ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಇದು ಪುಣ್ಯಕ್ಷೇತ್ರವಾಗಿ ಪ್ರಸಿದ್ಧವಾಗಿತ್ತೆಂಬುದಕ್ಕೆ ಇದಕ್ಕಿಂತ ದೃಢವಾದ ಆಧಾರ ಬೇಕಿಲ್ಲ. ಪ್ರಪಾತದ ಮಾತಾಗಲಿ, ಧುಮುಕಿದ ಮಾತಾಗಲಿ ಅಲ್ಲಿಲ್ಲ. ಮಗಳ ಮರಣದ ತರುವಾಯ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹವನ್ನು ತ್ಯಜಿಸಿದುದನ್ನು ಮಾತ್ರ ಶಾಸನಕವಿಯು ವಿವರವಾಗಿ ಬಣ್ಣಿಸಿದ್ದಾನೆ.