ಎತ್ತಿ ನಿಲ್ಲಿಸಿದ ಚಕ್ರ, ತುಳಿಯುವ ರೇಡಿಯೊ

ಜೀಪು ಹತ್ತಿ ಕಾಡುಮೇಡು ಅಲೆಯುವವರು ಹಗ್ಗ, ಸಲಿಕೆ, ಹೆಚ್ಚುವರಿ ಟೈರಿನ ಜೊತೆ ಒಂದು ಹ್ಯಾಮ್ ರೇಡಿಯೊ ಸೆಟ್ಟನ್ನೂ ಒಯ್ಯುವುದು ಈಚಿನ ಶೋಕಿ ಎಂದು ಹಲವರು ತಿಳಿದಿದ್ದಾರೆ. ಈ ಹವ್ಯಾಸಕ್ಕೆ ಬಿದ್ದ ಮೇಲೆ ಅದರ ಹಳೆಯ ಕಥೆಗಳನ್ನು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಆಸ್ಟ್ರೇಲಿಯಾದ ಒಳನಾಡು. ಅಲ್ಲಿ ವಾಹನ, ಗುಡಾರ, ರೇಡಿಯೊ ಈ ಮೂರೂ ಕೂಡಿಕೊಂಡು ನೂರು ವರ್ಷವಾಯಿತು. ಅದಕ್ಕೆ ಕಾರಣ ಶೋಕಿಯಲ್ಲ, ಸಾವಿನ ಭಯ.

1917ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಬಳಿ ಜಿಮ್ಮಿ ಡಾರ್ಸಿ ಎಂಬ ದನಗಾಹಿ ಕುದುರೆಯಿಂದ ಬಿದ್ದ. ಊರಲ್ಲಿ ವೈದ್ಯರಿರಲಿಲ್ಲ. ಇದ್ದವನು ಪ್ರಥಮ ಚಿಕಿತ್ಸೆ ಕಲಿತಿದ್ದ ಪೋಸ್ಟ್‌ಮಾಸ್ಟರ್ ಟಕೆಟ್. ಪರ್ತ್‌ನಲ್ಲಿದ್ದ ಡಾ. ಹಾಲೆಂಡ್ ಟೆಲಿಗ್ರಾಫಿನಲ್ಲಿ ಒಂದೊಂದೇ ಹೆಜ್ಜೆ ಹೇಳಿಕೊಡುತ್ತಿದ್ದರೆ ಈತ ಪೆನ್ನುಚಾಕುವಿನಿಂದ ಶಸ್ತ್ರಚಿಕಿತ್ಸೆ ಮಾಡಿದ, ಅರಿವಳಿಕೆಯಿಲ್ಲದೆ. ಆಮೇಲೆ ವೈದ್ಯರು ಹಡಗು, ಕಾರು ಹಿಡಿದು ದಿನಗಟ್ಟಲೆ ಪ್ರಯಾಣ ಮಾಡಿ ತಲುಪುವ ಹೊತ್ತಿಗೆ ಡಾರ್ಸಿ ಸತ್ತು ಒಂದು ದಿನವಾಗಿತ್ತು. ಹಾಲ್ಸ್ ಕ್ರೀಕ್‌ಗೆ ತಂತಿಯಾದರೂ ಇತ್ತು. ತಂತಿಯೇ ಇಲ್ಲದ ಕಡೆ ಏನು ಗತಿ?

ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಪಾದ್ರಿ ಜಾನ್ ಫ್ಲಿನ್. ವೈದ್ಯರನ್ನು ವಿಮಾನದಲ್ಲಿ ಕಳಿಸಬಹುದು, ಸರಿ. ಆದರೆ ಕಾಯಿಲೆ ಬಿದ್ದಿದ್ದೇವೆ ಎಂದು ಹೇಳಿಕಳಿಸುವುದು ಹೇಗೆ? 1925ರಲ್ಲಿ ಫ್ಲಿನ್ ಮತ್ತು ಜಾರ್ಜ್ ಟೌನ್ಸ್ ಡಾಡ್ಜ್ ಗಾಡಿಯೊಂದರಲ್ಲಿ ರೇಡಿಯೊ ಹೇರಿಕೊಂಡು ದಾರಿಯಿಲ್ಲದ ದಾರಿಯಲ್ಲಿ ಹೊರಟರು. ಬಿಡಾರ ಹೂಡಿದ ಕಡೆ ಗಾಡಿಯ ಹಿಂಬದಿ ಚಕ್ರವನ್ನು ಜಾಕ್ ಹಾಕಿ ಎತ್ತುವುದು, ಇಂಜಿನ್ ಚಾಲೂ ಮಾಡಿ ಆ ಚಕ್ರದಿಂದ ಜನರೇಟರ್ ತಿರುಗಿಸುವುದು, ಆ ವಿದ್ಯುತ್ತಿನಲ್ಲಿ ಮೋರ್ಸ್ ಕುಟ್ಟುವುದು. ಈಗಿನ ಲಿಥಿಯಂ ಬ್ಯಾಟರಿಯವರಿಗೆ ಇದು ಸರ್ಕಸ್ಸಿನಂತೆ ಕಂಡೀತು. ನನಗಂತೂ ಅದರಲ್ಲಿ ಹ್ಯಾಮ್ ಬುದ್ಧಿ ಅಚ್ಚುಕಟ್ಟಾಗಿ ಕಾಣುತ್ತದೆ: ಕೈಯಲ್ಲಿ ಇರುವುದರಿಂದಲೇ ಕೆಲಸ ಸಾಗಿಸಬೇಕು.

ಮರುವರ್ಷ ಫ್ಲಿನ್ ಜೊತೆ ಹೊರಟವನು ಆಲ್ಫ್ರೆಡ್ ಟ್ರೇಗರ್. ಹನ್ನೆರಡನೆಯ ವಯಸ್ಸಿಗೇ ಮನೆಗೂ ಉಪಕರಣದ ಕೊಟ್ಟಿಗೆಗೂ ನಡುವೆ ಸ್ವಂತ ಟೆಲಿಫೋನ್ ಎಳೆದಿದ್ದ ರೈತನ ಮಗ. ಆ ವೇಳೆಗೆ ಅಡಿಲೇಡಿನ ಹವ್ಯಾಸಿ ರೇಡಿಯೊಗಾರ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಒಂದು ಕೇಂದ್ರ ಹೂಡಿ, ಅಲ್ಲಿಂದ ಸುಮಾರು 125 ಕಿ.ಮೀ. ದೂರದ ಹರ್ಮನ್ಸ್‌ಬರ್ಗ್‌ನಲ್ಲಿ ಇನ್ನೊಂದು ಸೆಟ್ಟು ಇಟ್ಟರು. ಸಂದೇಶ ಹೋಯಿತು. ಆದರೆ ಬ್ಯಾಟರಿಗಳು ಭಾರ, ನಿಭಾಯಿಸುವುದು ಕಷ್ಟ. ದನದ ಹಟ್ಟಿಯ ಒಂಟಿ ಮನೆಯಲ್ಲಿ ಅವನ್ನು ನೋಡಿಕೊಳ್ಳುವವರು ಯಾರು?

ಟ್ರೇಗರ್ ಅಡಿಲೇಡಿಗೆ ಮರಳಿ ಇದೇ ಯೋಚನೆಯಲ್ಲಿ ಕೂತ. ಕೈಯಿಂದ ತಿರುಗಿಸುವ ಜನರೇಟರ್ ಆದರೆ ತಿರುಗಿಸಲು ಒಬ್ಬ, ಮೋರ್ಸ್ ಒತ್ತಲು ಇನ್ನೊಬ್ಬ ಬೇಕು. ಕಾಲು ಸುಮ್ಮನೆ ಇರುತ್ತದಲ್ಲ! ಸೈಕಲ್ಲಿನ ಪೆಡಲ್ಲಿಗೆ ಜನರೇಟರ್ ಜೋಡಿಸಿದ. ಕೂತು ಆರಾಮಾಗಿ ತುಳಿದರೆ 300 ವೋಲ್ಟಿನಲ್ಲಿ ಸುಮಾರು 20 ವ್ಯಾಟ್. ಅಷ್ಟೇನಾ ಎನ್ನಬೇಡಿ. ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಗೋಳಕ್ಕೆ ಬಡಿದು ನೆಲಕ್ಕೆ ಮರಳುವುದರಿಂದ ಅಷ್ಟು ಶಕ್ತಿಗೇ ನೂರಾರು ಕಿಲೋಮೀಟರ್ ಸಾಗುತ್ತವೆ. ನಮ್ಮ ಘಟ್ಟದಲ್ಲಿ ಕೈಸೆಟ್ಟಿನ ವಿಎಚ್‌ಎಫ್ ಅಲೆ ಎದುರಿನ ಗುಡ್ಡ ದಾಟಲಾರದೆ ಸೋಲುವುದನ್ನು ಕಂಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

1928ರ ಮೇ 17ರಂದು ಕ್ಲಾನ್‌ಕರಿಯಿಂದ ಮೊದಲ ವಿಮಾನವೈದ್ಯ ಹಾರಿದರು. 1929ರಲ್ಲಿ ಪೆಡಲ್ ಸೆಟ್ಟುಗಳು ಕ್ವೀನ್ಸ್‌ಲ್ಯಾಂಡಿನ ದೂರದ ಮನೆಗಳಿಗೆ ಬಂದವು. ಮೋರ್ಸ್ ಬಾರದವರಿಗಾಗಿ ಟ್ರೇಗರ್ ಟೈಪ್‌ರೈಟರಿನಂಥ ಕೀಲಿಮಣೆ ಮಾಡಿದ: ಅಕ್ಷರ ಒತ್ತಿದರೆ ಚುಕ್ಕಿ, ಗೆರೆ ತಾನೇ ಹೋಗುತ್ತಿತ್ತು. ಮುಂದೆ ಧ್ವನಿಯೇ ಬಂತು. ಆಗ ನಡೆದದ್ದು ಯಾರೂ ಯೋಜಿಸಿದ್ದಲ್ಲ. ವೈದ್ಯರ ಕರೆಗಳು ಮುಗಿದ ಮೇಲೆ ತಿಂಗಳುಗಟ್ಟಲೆ ಇನ್ನೊಬ್ಬ ಹೆಂಗಸಿನ ಮುಖ ಕಾಣದ ಗೃಹಿಣಿಯರು ಅದೇ ಅಲೆಯಲ್ಲಿ ಹರಟಲು ತೊಡಗಿದರು. ಗದ್ದಲದ ಗಿಳಿಯೊಂದರ ಹೆಸರಿನಿಂದ ಅದಕ್ಕೆ ‘ಗಲಾ ಸೆಷನ್’ ಎಂದು ಹೆಸರಾಯಿತು. ಹೆಸರಿಟ್ಟವರ ಕುಹಕ ಏನೇ ಇರಲಿ, ಔಷಧದ ಪೆಟ್ಟಿಗೆಯಷ್ಟೇ ಆ ಹರಟೆಯೂ ಜೀವ ಉಳಿಸಿರಬೇಕು ಎಂದು ನನ್ನ ನಂಬಿಕೆ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆಕಾಶಶಾಲೆ ಶುರುವಾದಾಗ ಮಕ್ಕಳ ಪಾಠವೂ ಇದೇ ದಾರಿಯಲ್ಲಿ ಬಂತು.

ಒಂದು ಮಾತು ಹೇಳದೆ ಹೋದರೆ ತಪ್ಪಾದೀತು. ಆ ನೆಲವನ್ನು ‘ಖಾಲಿ’, ‘ಮೂಕ’ ಎಂದೆಲ್ಲ ಬಣ್ಣಿಸುತ್ತಾರೆ. ಹರ್ಮನ್ಸ್‌ಬರ್ಗ್ ಇರುವುದು ಅರ್‍ರೆಂಟ ಜನರ ನಾಡಿನಲ್ಲಿ; ಬಿಳಿಯರು ಬರುವ ಎಷ್ಟೋ ಸಾವಿರ ವರ್ಷ ಮೊದಲಿಂದ ಅಲ್ಲಿ ಮಾತಿತ್ತು, ಹಾಡಿತ್ತು. ಫ್ಲಿನ್ ಕಾಳಜಿ ಮುಖ್ಯವಾಗಿ ಬಿಳಿಯ ವಲಸಿಗರ ಕಡೆಗಿತ್ತು ಎಂಬ ಟೀಕೆ ಅವರ ಕಾಲದಲ್ಲೇ ಬಂದಿದೆ.

1994ರ ಇಪ್ಪತ್ತು ಡಾಲರ್ ನೋಟಿನಲ್ಲಿ ಫ್ಲಿನ್ ಮುಖವಿದೆ, ವಿಮಾನವಿದೆ, ಪೆಡಲ್ ರೇಡಿಯೊ ಕೂಡ ಇದೆ, ಟ್ರೇಗರ್ ಮುಖವಿಲ್ಲ. ಸ್ಯಾಟಲೈಟ್ ಫೋನ್ ಬಂದ ಮೇಲೂ ಸಿಂಪ್ಸನ್ ಮರುಭೂಮಿಯಂಥ ಕಡೆ ಹೋಗುವ ಅಲ್ಲಿನ ಹ್ಯಾಮ್‌ಗಳು ಎಚ್‌ಎಫ್ ಸೆಟ್ಟು ಬಿಟ್ಟು ಹೊರಡುವುದಿಲ್ಲ. ಫೋನು ಒಬ್ಬರಿಗೆ ಹೋಗುತ್ತದೆ. ರೇಡಿಯೊ ಕರೆಯನ್ನು ಕಿವಿ ಕೊಟ್ಟು ಕೂತವರೆಲ್ಲ ಕೇಳುತ್ತಾರೆ. ಮರಕ್ಕೆ ತಂತಿ ಎಸೆದು, ಗೊತ್ತಾದ ಹೊತ್ತಿಗೆ ತಮ್ಮ ಕರೆಸಂಕೇತ ಹೇಳಿ, ಎಲ್ಲಿದ್ದೇವೆ, ನಾಳೆ ಯಾವ ದಾರಿ ಎಂದು ತಿಳಿಸುತ್ತಾರೆ. ಮರುದಿನ ಅದೇ ಹೊತ್ತಿಗೆ ದನಿ ಕೇಳದಿದ್ದರೆ ಯಾರಾದರೊಬ್ಬರು ಹುಡುಕಲು ಶುರು ಮಾಡುತ್ತಾರೆ.