ಒಂದು ಪ್ಯಾಕೆಟ್ ಬ್ಯಾಕ್ಟೀರಿಯಾದಿಂದ ಮೀನು ಹೊಂಡದ ಅಮೋನಿಯಾ ರಾತ್ರೋರಾತ್ರಿ ಮಾಯವಾಗುತ್ತದೆಯೇ?

"ಹೊಂಡಕ್ಕೆ ಒಂದು ಪ್ಯಾಕೆಟ್ ಬ್ಯಾಕ್ಟೀರಿಯಾ ಪುಡಿ, ಒಂದು ಕೆಜಿ ಬೆಲ್ಲ ಕಲಸಿ ಹಾಕಿ. ಬೆಳಗಾಗುವುದರೊಳಗೆ ಅಮೋನಿಯಾ ಮಾಯ!" ಇಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೃಷ್ಣಾ ದಂಡೆಯ ಗೂಗಲ್ ಗ್ರಾಮವಿರುವ ದೇವದುರ್ಗ ತಾಲ್ಲೂಕು, ಪಕ್ಕದ ಮಾನ್ವಿ ಕಡೆ ಮೀನು ಸಾಕುವವರು ಇದನ್ನು ನಂಬುವ ಮೊದಲು ಸ್ವಲ್ಪ ಲೆಕ್ಕ ನೋಡುವುದು ಒಳ್ಳೆಯದು.

ಒಂದೇ ಮಾತಿನಲ್ಲಿ: ಬ್ಯಾಕ್ಟೀರಿಯಾ ಅಮೋನಿಯಾ ತೆಗೆಯುವುದು ನಿಜ. ರಾತ್ರೋರಾತ್ರಿ ತೆಗೆಯುತ್ತದೆ ಎನ್ನುವುದು ಸುಳ್ಳು.

ಅಮೋನಿಯಾ ಎಲ್ಲಿಂದ ಬರುತ್ತದೆ?

ಮೀನಿನ ಮೇವಿನಿಂದಲೇ. ಶೇ 28 ಪ್ರೋಟೀನ್ ಇರುವ 100 ಕೆಜಿ ಮೇವಿನಲ್ಲಿ ಸುಮಾರು 4.5 ಕೆಜಿ ಸಾರಜನಕ ಇರುತ್ತದೆ. ಅದರಲ್ಲಿ ಮೀನಿನ ಮೈಗೆ ಸೇರುವುದು ಅಂದಾಜು ಕಾಲು ಭಾಗ ಮಾತ್ರ. ಉಳಿದ 3 ಕೆಜಿಗೂ ಹೆಚ್ಚು ಸಾರಜನಕ ಕಿವಿರು, ಮಲ ಮತ್ತು ಕೊಳೆತ ಮೇವಿನ ಮೂಲಕ ಹೊಂಡಕ್ಕೇ ಸೇರುತ್ತದೆ.

ಬ್ಯಾಕ್ಟೀರಿಯಾ ಏನು ಮಾಡುತ್ತವೆ?

ನೈಟ್ರೊಸೊಮೊನಾಸ್ ಗುಂಪಿನವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ ಉಸಿರು ಕಟ್ಟಿಸುತ್ತದೆ. ನೈಟ್ರೇಟ್‌ನಿಂದ ಅಷ್ಟು ಅಪಾಯವಿಲ್ಲ. ಕೊನೆಗೆ ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ಈ ಬ್ಯಾಕ್ಟೀರಿಯಾಗಳು ಹೊಂಡದ ಮಣ್ಣು, ಕಲ್ಲುಗಳ ಮೇಲೆ ತಾವಾಗಿಯೇ ಇರುತ್ತವೆ. ಆದರೆ ನಿಧಾನವಾಗಿ ಬೆಳೆಯುತ್ತವೆ. ಹೊಸ ನೀರಿನಲ್ಲಿ ನೆಲೆಯೂರಲು ಕೆಲವು ವಾರಗಳೇ ಬೇಕು.

ಹಾಗಾದರೆ ಪ್ಯಾಕೆಟ್ ಪುಡಿ?

ಬಹಳಷ್ಟು ಪುಡಿಗಳಲ್ಲಿ ಇರುವುದು ಬ್ಯಾಸಿಲಸ್. ಅದು ಮುಖ್ಯವಾಗಿ ಕಸವನ್ನು ಕೊಳೆಸುವ ಬ್ಯಾಕ್ಟೀರಿಯಾ. ಇನ್ನು ನೈಟ್ರೊಸೊಮೊನಾಸ್‌ನಂಥವುಗಳಿಗೆ 1 ಕೆಜಿ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಕೆಜಿ ಆಮ್ಲಜನಕ ಬೇಕು. ಜೊತೆಗೆ 7 ಕೆಜಿ ಸುಣ್ಣದ ಕಲ್ಲಿಗೆ ಸಮನಾದ ಕ್ಷಾರತೆ ಖರ್ಚಾಗುತ್ತದೆ. ನೀರಿನಲ್ಲಿ ಆಮ್ಲಜನಕವೇ ಇಲ್ಲದಿದ್ದರೆ ಎಷ್ಟು ಪ್ಯಾಕೆಟ್ ಸುರಿದರೂ ಅವು ಕೆಲಸ ಮಾಡುವುದಿಲ್ಲ.

ಬೆಲ್ಲ ಹಾಕುವುದು ತಪ್ಪೇ?

ತತ್ವ ಸರಿಯಿದೆ. ಸಕ್ಕರೆ ಅಂಶ ತಿಂದು ಬೆಳೆಯುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ಹೀರಿಕೊಳ್ಳುತ್ತವೆ. ಬಯೋಫ್ಲಾಕ್ ಪದ್ಧತಿ ನಡೆಯುವುದೇ ಹೀಗೆ. ಆದರೆ 1 ಕೆಜಿ ಅಮೋನಿಯಾ ಸಾರಜನಕಕ್ಕೆ ಸುಮಾರು 20 ಕೆಜಿ ಸಕ್ಕರೆ ಅಂಶ ಬೇಕು. ಒಂದು ಎಕರೆಯ, ಒಂದೂವರೆ ಮೀಟರ್ ಆಳದ ಹೊಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೂ ಒಟ್ಟು ಸುಮಾರು 6 ಕೆಜಿ ಆಯಿತು. ಅಂದರೆ 120 ಕೆಜಿ ಬೆಲ್ಲ! ಏರೇಟರ್ ಇಲ್ಲದೆ ಅಷ್ಟನ್ನು ಸುರಿದರೆ ಬ್ಯಾಕ್ಟೀರಿಯಾಗಳೇ ಆಮ್ಲಜನಕ ಮುಗಿಸಿ ಬೆಳಗಿನ ಜಾವ ಮೀನು ಸಾಯಬಹುದು.

ಮಧ್ಯಾಹ್ನವೇ ಏಕೆ ಅಪಾಯ?

ಬಿಸಿಲಿಗೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ನೀರಿನ ಪಿಎಚ್ ಏರುತ್ತದೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದ ವಿಷಕಾರಿ ರೂಪ ಶೇ 1ಕ್ಕಿಂತ ಕಡಿಮೆ. ಪಿಎಚ್ 9 ಆದರೆ ಶೇ 45ರ ಸುಮಾರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದನ್ನು ಮರೆಯಬಾರದು. ಅಮೋನಿಯಾ ಹೆಚ್ಚಿರುವಾಗ ಸುಟ್ಟ ಸುಣ್ಣ ಹಾಕಿದರೂ ಪಿಎಚ್ ಏರಿ ಅಪಾಯ ಹೆಚ್ಚುತ್ತದೆ.

ಹಾಗಾದರೆ ಏನು ಮಾಡಬೇಕು?

- ಅಮೋನಿಯಾ ಏರಿದರೆ ಮೊದಲು ಮೇವು ನಿಲ್ಲಿಸಿ.
- ಏರೇಟರ್ ಓಡಿಸಿ, ಸಾಧ್ಯವಾದರೆ ಸ್ವಲ್ಪ ನೀರು ಬದಲಿಸಿ.
- ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಟೆಸ್ಟ್ ಕಿಟ್‌ನಲ್ಲಿ ನೋಡಿ. ಪಿಎಚ್ ಅನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಅಳೆಯಿರಿ.
- ಮೀನು ಹಿಡಿದ ಮೇಲೆ ತಳದ ಕಪ್ಪು ಕೆಸರು ತೆಗೆದು ಹೊಂಡ ಒಣಗಿಸಿ.
- ಅನುಮಾನವಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು ಕೇಳಿ.

ಹೊಂಡದ ಬ್ಯಾಕ್ಟೀರಿಯಾಕ್ಕೆ ಬೇಕಿರುವುದು ಆಮ್ಲಜನಕ, ಸಮಯ ಮತ್ತು ಅಳತೆಯ ಮೇವು. ಆ ಮೆಸೇಜ್ ಮತ್ತೆ ಬಂದರೆ ಫಾರ್ವರ್ಡ್ ಮಾಡುವ ಬದಲು 120 ಕೆಜಿ ಬೆಲ್ಲದ ಲೆಕ್ಕ ಕಳುಹಿಸಿ.