ಚಿಕ್ಕ ಸ್ಟೇಷನ್ ವ್ಯಾಗನ್ನಿನ ಕಣ್ಮರೆ



ಡೆಟ್ರಾಯಿಟ್‌ನಿಂದ ಚಿಕಾಗೊಗೆ ಹೊರಟಾಗ ನಾವೆಲ್ಲರೂ ಹಿಡಿಯುವುದು ಐ-94 ಹೆದ್ದಾರಿಯನ್ನು. ಅದು ಹುಟ್ಟುವ ಮೊದಲು ಈ ಎರಡು ನಗರಗಳನ್ನು ಕೂಡಿಸಿದ್ದ ದಾರಿ ಹಳೆಯ ಚಿಕಾಗೊ ರಸ್ತೆ, ಅಂದರೆ ಈಗಿನ ಯು.ಎಸ್. 12. ಡೆಟ್ರಾಯಿಟ್ ಕಡೆಯಲ್ಲಿ ಅದರ ಹೆಸರು ಮಿಶಿಗನ್ ಅವೆನ್ಯೂ. ಅದರಲ್ಲಿಯೇ ಪಶ್ಚಿಮಕ್ಕೆ ಸಾಗಿದರೆ ವೇಯ್ನ್ ಎಂಬ ಊರಿನಲ್ಲಿ ಫೋರ್ಡ್ ಕಂಪನಿಯ ದೊಡ್ಡ ಕಾರ್ಖಾನೆಯೊಂದು ಎದುರಾಗುತ್ತದೆ. 1957ರಲ್ಲಿ ಅದು ಆರಂಭವಾದಾಗ ಅದಕ್ಕಿಟ್ಟ ಹೆಸರು ಮಿಶಿಗನ್ ಸ್ಟೇಷನ್ ವ್ಯಾಗನ್ ಪ್ಲಾಂಟ್. 1960ರ ದಶಕದಲ್ಲಿ ಆ ಫಲಕ ಇಳಿದು ಮಿಶಿಗನ್ ಟ್ರಕ್ ಪ್ಲಾಂಟ್ ಎಂಬ ಫಲಕ ಏರಿತು. ಇಂದು ನಾವು ಹೇಳಹೊರಟಿರುವುದೆಲ್ಲವೂ ಆ ಎರಡು ಹೆಸರುಗಳ ನಡುವಿನ ಕಥೆಯೇ ಆಗಿದೆ.

ಸ್ಟೇಷನ್ ಎಂದರೆ ರೈಲು ನಿಲ್ದಾಣವೇ. ಮೈಸೂರಿನ ನಿಲ್ದಾಣದ ಮುಂದೆ ಜಟಕಾಗಳು ಕಾದು ನಿಲ್ಲುತ್ತಿದ್ದಂತೆ, ಇಲ್ಲಿಯೂ ರೈಲಿಳಿದವರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಹೊತ್ತೊಯ್ಯುವ ಗಾಡಿಗಳಿದ್ದವು. ಕುದುರೆಯ ಜಾಗಕ್ಕೆ ಎಂಜಿನ್ ಬಂದ ಮೇಲೂ ಮೈ ಮಾತ್ರ ಮರದ್ದೇ ಉಳಿಯಿತು. ಫೋರ್ಡ್ 1929ರಲ್ಲಿ ತನ್ನ ಮಾಡೆಲ್ ಎ ಕಾರಿನಲ್ಲಿ ಇಂಥದೊಂದನ್ನು ಮಾರಾಟಕ್ಕಿಟ್ಟಿತು. ಮರ ಬಂದದ್ದು ಮಿಶಿಗನ್ನಿನ ಉತ್ತರದ ಐರನ್ ಮೌಂಟನ್ ಕಡೆಯಿಂದ. ಬಾಗಿಲು ಮನೆಯವರಿಗೆ ವಾರ್ನಿಷ್ ಬಳಿಯುವ ಕಷ್ಟ ಗೊತ್ತು. ಮರದ ಕಾರಿಗೂ ಅದೇ ಉಪಚಾರ ಬೇಕಿತ್ತು. ಆದ್ದರಿಂದ ಅದು ಬಹುಮಟ್ಟಿಗೆ ಅನುಕೂಲಸ್ಥರ ವಾಹನವಾಗಿಯೇ ಇತ್ತು. 1949ರಲ್ಲಿ ಪ್ಲೈಮೌತ್ ಸಬರ್ಬನ್ ಪೂರ್ತಿ ಉಕ್ಕಿನ ಮೈ ತೊಟ್ಟು ಬಂದ ಮೇಲೆ ವ್ಯಾಗನ್ ಸಾಮಾನ್ಯ ಸಂಸಾರಿಗನ ಅಂಗಳಕ್ಕೆ ಇಳಿಯಿತು.

ಮುಂದೆ ಅಮೆರಿಕದ ಕಾರುಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಹೋದವು. ಈ ಪ್ರವಾಹಕ್ಕೆ ಎದುರಾಗಿ ಈಜಿದ್ದು ಚಿಕಾಗೊದ ಉತ್ತರಕ್ಕೆ, ವಿಸ್ಕಾನ್ಸಿನ್ ಗಡಿ ದಾಟಿದೊಡನೆ ಸಿಗುವ ಕೆನೋಷಾದ ನ್ಯಾಶ್ ಕಂಪನಿ. ಅದರ 1950ರ ರ‍್ಯಾಂಬ್ಲರ್ ಚಿಕ್ಕ ಕಾರು. ಅದರಲ್ಲಿ ವ್ಯಾಗನ್ ಕೂಡ ಇತ್ತು. ತರುವಾಯ ದೊಡ್ಡ ಕಂಪನಿಗಳೂ ಅದೇ ದಾರಿಗೆ ಬಂದವು: 1971ರ ಮಾದರಿಯಾಗಿ ಶೆವರ್ಲೆ ವೇಗಾ, 1972ರಲ್ಲಿ ಫೋರ್ಡ್ ಪಿಂಟೊ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದಾಗ ಚಿಕ್ಕ ಗಾಡಿಯ ಬೆಲೆ ಎಲ್ಲರಿಗೂ ತಿಳಿಯಿತು.

1965ರ ವಲಸೆ ಕಾನೂನಿನ ತರುವಾಯ ಈ ಪ್ರಾಂತ್ಯಕ್ಕೆ ಬಂದ ನಮ್ಮವರ ಬಾಳಿಗೆ ಇಂಥ ವಾಹನ ಹೇಳಿ ಮಾಡಿಸಿದಂತಿತ್ತು. ಹಿಂದಿನ ಸೀಟನ್ನು ಮಡಿಸಿದರೆ ಹಾರ್ಮೋನಿಯಂ, ತಬಲಾ, ನಾಟಕದ ಪರದೆ, ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಎಲ್ಲವೂ ಹಿಡಿಯುತ್ತವೆ. (ಪಾತ್ರೆಯ ಮುಚ್ಚಳ ಹಿಡಿದು ಕೂರಲು ಒಬ್ಬರು ಮಾತ್ರ ಯಾವಾಗಲೂ ಬೇಕು.) ಊರಿನಿಂದ ಬಂದ ತಂದೆತಾಯಿಗಳನ್ನು ಓಹೇರ್ ನಿಲ್ದಾಣದಿಂದ ಕರೆತರುವಾಗ, ನಾಲ್ಕು ಪೆಟ್ಟಿಗೆಗಳನ್ನು ಮೊಣಕಾಲೆತ್ತರಕ್ಕೆ ಎತ್ತಿದರೆ ಸಾಕು. ಸೀರೆಯುಟ್ಟ ವೃದ್ಧೆಯರು ಮೇಲೆ ಹತ್ತಬೇಕಿಲ್ಲ, ಸುಮ್ಮನೆ ಕುಳಿತುಕೊಳ್ಳಬಹುದು. ಓಡಿಸುವವನಿಗೆ ಅದು ಕಾರು, ಹೊರುವಾಗ ಬಂಡಿ. 

ಇಷ್ಟು ಗುಣವಿದ್ದ ವಸ್ತು ಅಂಗಡಿಯಿಂದ ಮಾಯವಾದದ್ದೇಕೆ? ಜನರಿಗೆ ಬೇಡವಾಯಿತು ಎಂಬ ಉತ್ತರ ಸುಲಭ. ಆದರೆ ಅದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ. ತೈಲದ ಬಿಕ್ಕಟ್ಟಿನ ಬಳಿಕ, 1975ರಲ್ಲಿ, ಪ್ರತಿಯೊಂದು ಕಂಪನಿಯ ವಾಹನಗಳೂ ಸರಾಸರಿ ಇಷ್ಟು ಮೈಲು ಓಡಲೇಬೇಕೆಂಬ ಕಾಯಿದೆ ಬಂದಿತು. ಅದರಲ್ಲಿ ಕಾರಿಗೊಂದು, ಲಘು ಟ್ರಕ್ಕಿಗೊಂದು ಪಂಕ್ತಿ. 1985ರ ಹೊತ್ತಿಗೆ ಕಾರುಗಳ ಮಿತಿ ಗ್ಯಾಲನ್ನಿಗೆ 27.5 ಮೈಲು, ಟ್ರಕ್ಕುಗಳಿಗೆ 1996ರಿಂದ 2004ರವರೆಗೂ 20.7 ಮೈಲು ಸಾಕಾಗಿತ್ತು. ರೈತನ ಪಿಕಪ್ಪಿಗೆ ತೋರಿದ ರಿಯಾಯಿತಿ ಸಂಸಾರದ ಬಂಡಿಗಳಿಗೆಲ್ಲ ಕಿಂಡಿಯಾಯಿತು. ಡೆಟ್ರಾಯಿಟ್ ನದಿಯಾಚೆಯ ವಿಂಡ್ಸರ್‌ನಲ್ಲಿ 1983ರ ಕೊನೆಗೆ ಹೊರಬಂದ ಕ್ರೈಸ್ಲರ್ ಮಿನಿವ್ಯಾನ್ ಟ್ರಕ್ಕಿನ ಪಂಕ್ತಿಯಲ್ಲಿ ಕುಳಿತಿತು. 1990ರಲ್ಲಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಕೂಡ ಅಲ್ಲಿಯೇ.

ಈ ನಿಯಮ ನೇರವಾಗಿ ಪೆಟ್ಟು ಕೊಟ್ಟದ್ದು ದೊಡ್ಡ ವ್ಯಾಗನ್ನಿಗೆ. ಮಿತವಾಗಿ ತೈಲ ಕುಡಿಯುವ ಚಿಕ್ಕದಕ್ಕೆ ಅದರಿಂದ ಅಪಾಯವಿರಲಿಲ್ಲ. ಆದರೆ ಅಣ್ಣ ಹೋದ ಮೇಲೆ ತಮ್ಮನ ಮರ್ಯಾದೆಯೂ ಹೋಯಿತು. ವ್ಯಾಗನ್ನಿನ ಹಿಂದಿನ ಸೀಟಿನಲ್ಲಿ ಬೆಳೆದ ಮಕ್ಕಳೇ ದೊಡ್ಡವರಾಗಿ, ಅದು ಅಪ್ಪ ಅಮ್ಮಂದಿರ ಗಾಡಿ ಎಂದು ಮೂಗು ಮುರಿದರು. ತಯಾರಕರು ಇನ್ನೊಂದು ಉಪಾಯ ಕಂಡುಕೊಂಡರು. 2000ದಲ್ಲಿ ಮಾರುಕಟ್ಟೆಗೆ ಬಂದ ಕ್ರೈಸ್ಲರ್ ಪಿ.ಟಿ. ಕ್ರೂಸರ್ ಯಾರ ಕಣ್ಣಿಗೂ ಚಿಕ್ಕ ವ್ಯಾಗನ್ನೇ. ಹಿಂದಿನ ಸೀಟು ಕಳಚಿದರೆ ನೆಲ ಸಮತಟ್ಟಾಗುತ್ತದೆಂಬ ಕಾರಣದಿಂದ ಕಾಯಿದೆಯ ಲೆಕ್ಕದಲ್ಲಿ ಅದು ಟ್ರಕ್! ಚಿಕಾಗೊಗೆ ದಕ್ಷಿಣದಲ್ಲಿ, ಇಂಡಿಯಾನಾದ ಲಫಾಯೆಟ್‌ನಲ್ಲಿ ತಯಾರಾಗುತ್ತಿದ್ದ ಸುಬಾರು ಔಟ್‌ಬ್ಯಾಕ್ 2005ರ ಮಾದರಿಯಲ್ಲಿ ನೆಲದಿಂದ ಕೊಂಚ ಎತ್ತರವಾಗಿ ಅದೇ ಪಂಕ್ತಿ ಸೇರಿತು. ಅದೇ ಮೈಯನ್ನು ನಾಲ್ಕು ಬೆರಳು ಎತ್ತರಿಸಿ ಬೇರೆ ಹೆಸರಿಟ್ಟರೆ ಹೆಚ್ಚು ಬೆಲೆಯೂ ಸಿಗುವಾಗ ಯಾವ ವ್ಯಾಪಾರಿ ತಾನೆ ಬಿಟ್ಟಾನು?

ತಾಯ್ನಾಡಿನಲ್ಲಿಯೂ ವ್ಯಾಗನ್ನಿಗೆ ಭಾಗ್ಯವಿರಲಿಲ್ಲ. 1992ರ ಟಾಟಾ ಎಸ್ಟೇಟ್, ಅನಂತರದ ಮಾರುತಿ ಬಲೆನೊ ಆಲ್ಟುರಾ, ಎರಡೂ ಬೇರೂರಲಿಲ್ಲ. ಅಲ್ಲಿ ಇಂಥ ಕಾಯಿದೆ ಇರಲಿಲ್ಲವೆಂಬುದನ್ನು ನಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷಿಯೆಂದು ಒಪ್ಪಿಕೊಳ್ಳಲೇಬೇಕು.

ಮತ್ತೆ ವೇಯ್ನ್‌ಗೆ ಬರೋಣ. ಟ್ರಕ್ ಕಾರ್ಖಾನೆಯ ಪಕ್ಕದಲ್ಲಿಯೇ ಇದ್ದ ಫೋರ್ಡಿನ ಇನ್ನೊಂದು ಕಾರ್ಖಾನೆಯಲ್ಲಿ ಎಸ್ಕಾರ್ಟ್ ವ್ಯಾಗನ್ನೂ, ತರುವಾಯ ಫೋಕಸ್ ವ್ಯಾಗನ್ನೂ ತಯಾರಾದವು. 2007ರ ಮಾದರಿಯೇ ಫೋಕಸ್ ವ್ಯಾಗನ್ನಿನ ಕೊನೆಯದು. ಚಿಕಾಗೊದ ಟೊರೆನ್ಸ್ ಅವೆನ್ಯೂ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಟಾರಸ್ ವ್ಯಾಗನ್ ತಯಾರಾಗುತ್ತಿತ್ತು. ಈಗ ಅಲ್ಲಿಂದ ಹೊರಡುವುದು ಎಕ್ಸ್‌ಪ್ಲೋರರ್. 2011ರಲ್ಲಿ ಹಳೆಯ ಟ್ರಕ್ ಪ್ಲಾಂಟ್ ಮಿಶಿಗನ್ ಅಸೆಂಬ್ಲಿ ಎಂಬ ಹೊಸ ಹೆಸರಿನಲ್ಲಿ ಹೊಸ ಫೋಕಸ್ ಕಟ್ಟತೊಡಗಿದಾಗ ಆಸೆ ಪಟ್ಟವರುಂಟು. ಅದರ ವ್ಯಾಗನ್ ಯುರೋಪಿನವರಿಗೆ ದೊರೆಯಿತು, ಅಮೆರಿಕದವರಿಗಿಲ್ಲ. 2018ರ ಮೇ ತಿಂಗಳಲ್ಲಿ ಅಲ್ಲಿ ಫೋಕಸ್ ತಯಾರಿಕೆಯೇ ನಿಂತಿತು. ಫೋಕ್ಸ್‌ವ್ಯಾಗನ್ನಿನ ಗಾಲ್ಫ್ ಸ್ಪೋರ್ಟ್‌ವ್ಯಾಗನ್ ಕೂಡ ಇಲ್ಲಿ 2019ರ ಮಾದರಿಗೆ ಮುಗಿಯಿತು.

ಈಗ ಚಿಕ್ಕ ವ್ಯಾಗನ್ನೇ ಬೇಕೆಂಬ ಹಟದವರು ಹಳೆಯ ಗಾಡಿಗಳ ಜಾಹೀರಾತುಗಳನ್ನು ಹುಡುಕುತ್ತಾರೆ. ಸಿಕ್ಕರೆ ಎಂಜಿನ್ನಿಗಿಂತ ಮುಂಚೆ ಬಗ್ಗಿ ಚಕ್ರದ ಮೇಲಿನ ಅಂಚನ್ನು, ತಳವನ್ನು ನೋಡುತ್ತಾರೆ. ಚಳಿಗಾಲದಲ್ಲಿ ಈ ರಸ್ತೆಗಳಿಗೆ ಎರಚುವ ಉಪ್ಪು ಉಕ್ಕನ್ನು ಮೊದಲು ತಿನ್ನುವುದು ಅಲ್ಲಿಯೇ. ಸ್ಟೇಷನ್ ವ್ಯಾಗನ್ ಪ್ಲಾಂಟ್ ಎಂದು ಹುಟ್ಟಿದ ವೇಯ್ನ್ ಕಾರ್ಖಾನೆಯ ಬಾಗಿಲಿನಿಂದ ಈಗ ಮಿಶಿಗನ್ ಅವೆನ್ಯೂಗೆ ಇಳಿಯುವುವು ರೇಂಜರ್ ಪಿಕಪ್ ಮತ್ತು ಬ್ರಾಂಕೊ.